ಮೂರನೇ ವಾರಕ್ಕೇ ಧೈರ್ಯ ಹೋಗಿದೆ: ಫೈನ್ ಡೈನಿಂಗ್ ಸ್ಟುವರ್ಡ್ ಕೆಲಸ ಮುಂದುವರಿಸಲಾ, ಬಿಡಲಾ?

ಕೊಪ್ಪದ ಹುಡುಗ

ಎಲ್ಲರಿಗೂ ನಮಸ್ಕಾರ. ನನಗೆ 22 ವರ್ಷ. ಬಿ.ಕಾಂ. ಮುಗಿಸಿ ಊರಲ್ಲಿ ಒಂದು ವರ್ಷ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಈಗ ಬೆಂಗಳೂರಿಗೆ ಬಂದು ಎಂ.ಜಿ. ರಸ್ತೆ ಕಡೆಯ ಒಂದು ದೊಡ್ಡ ರೆಸ್ಟೋರೆಂಟ್‌ನಲ್ಲಿ ಸ್ಟುವರ್ಡ್, ಅಂದರೆ ಆರ್ಡರ್ ತಗೊಂಡು ಬಡಿಸುವವನು, ಆಗಿದ್ದೇನೆ. ಹೆಸರು ಹೇಳುವುದು ಬೇಡ. ಸೇರಿ ಮೂರು ವಾರ ಆಯಿತು. 90 ಸೀಟು. ಶನಿವಾರ ರಾತ್ರಿ 160 ಕವರ್, ಅಂದರೆ 160 ಜನರ ಊಟ, ಆಗುತ್ತದೆ.

ಮೊನ್ನೆ ಶನಿವಾರದ ವಿಷಯ ಹೇಳಲೇಬೇಕು. ನನ್ನ ಸೆಕ್ಷನ್‌ನಲ್ಲಿ ಐದು ಟೇಬಲ್. 14ರಲ್ಲಿ ಆರು ಜನರ ಕುಟುಂಬ, ಜೊತೆಗೆ ಒಬ್ಬರು ಅಜ್ಜಿ. ನಮ್ಮಜ್ಜಿ ವಯಸ್ಸಿನವರು. ಮಗ ಮೊದಲೇ ಹೇಳಿದ್ದರು, "ಅಮ್ಮನಿಗೆ ಮೊಟ್ಟೆ ನಡೆಯಲ್ಲ, ಎಗ್‌ಲೆಸ್ ಕೊಡಿ" ಅಂತ. ಆಯ್ತು ಸರ್ ಅಂದೆ. ಅಷ್ಟರಲ್ಲಿ 12ರವರು ಬಿಲ್ ಕೇಳಿದರು, 15ಕ್ಕೆ ಹೊಸಬರು ಬಂದು ಕೂತರು. ಟಿರಾಮಿಸು ಅನ್ನುವ ಇಟಲಿಯ ಸಿಹಿತಿಂಡಿಯ ಆರ್ಡರ್ ಕಂಪ್ಯೂಟರ್‌ಗೆ ಪಂಚ್ ಮಾಡುವಾಗ ಎಗ್‌ಲೆಸ್ ಅಂತ ಹಾಕುವುದು ಬಿಟ್ಟುಹೋಯಿತು.

ತಟ್ಟೆ ಇಟ್ಟಾಗ ಅಜ್ಜಿ ನನ್ನ ಮುಖ ನೋಡಿ ಕೇಳಿದರು, "ಇದರಲ್ಲಿ ಮೊಟ್ಟೆ ಇಲ್ಲ ತಾನೆ ಮಗಾ?" "ಇಲ್ಲ ಅಮ್ಮ" ಅಂದುಬಿಟ್ಟೆ. ಹತ್ತು ಹೆಜ್ಜೆ ಹೋದ ಮೇಲೆ ನೆನಪಾಯಿತು. ನಮ್ಮಲ್ಲಿ ಎಗ್‌ಲೆಸ್ ಆದರೆ ಮೇಲೊಂದು ಪುದೀನ ಎಲೆ ಇಡುತ್ತಾರೆ. ನಾನು ಇಟ್ಟ ತಟ್ಟೆಯಲ್ಲಿ ಎಲೆ ಇರಲಿಲ್ಲ. ಓಡಿ ವಾಪಸ್ ಬಂದೆ. ಚಮಚ ಬಾಯಿ ಹತ್ತಿರ ಇತ್ತು. "ಅಮ್ಮ, ತಿನ್ನಬೇಡಿ!" ಅಂತ ಜೋರಾಗಿಯೇ ಕೂಗಿದೆ. ಅಕ್ಕಪಕ್ಕದ ಟೇಬಲ್‌ನವರೆಲ್ಲ ತಿರುಗಿ ನೋಡಿದರು. ಮಗ ಎದ್ದು ನಿಂತು ಬೈದರು. ಅಜ್ಜಿ ಮಾತ್ರ ಏನೂ ಅನ್ನಲಿಲ್ಲ. ಚಮಚ ಕೆಳಗಿಟ್ಟು, ನ್ಯಾಪ್‌ಕಿನ್‌ನಿಂದ ಬೆರಳು ಒರೆಸಿಕೊಂಡರು. ಆ ಬೆರಳು ಇನ್ನೂ ಕಣ್ಣಮುಂದೆ ಇದೆ.

ಸ್ಟುವರ್ಡ್‌ಗಳ ಮೇಲಿನವರಾದ ಕ್ಯಾಪ್ಟನ್ ಬಂದು ಸಮಾಧಾನ ಮಾಡಿದರು. ರಾತ್ರಿ ಮ್ಯಾನೇಜರ್ ಕರೆದು, ಆ ತಟ್ಟೆಯ 575 ರೂಪಾಯಿ ನಿನ್ನ ಸಂಬಳದಲ್ಲಿ ಕಟ್ ಅಂದರು. ದುಡ್ಡಿಗಿಂತ ಜಾಸ್ತಿ ಕಾಡುತ್ತಿರುವುದು ನಾನು ಗೊತ್ತಿಲ್ಲದೆ "ಇಲ್ಲ" ಅಂದದ್ದು. ನಾನು ಈ ಕೆಲಸಕ್ಕೆ ಆಗುವವನಾ? ಐದು ಟೇಬಲ್‌ನವರು ಹೇಳಿದ್ದನ್ನೆಲ್ಲ ನೀವೆಲ್ಲ ಹೇಗೆ ನೆನಪಿಟ್ಟುಕೊಳ್ಳುತ್ತೀರಿ?

ಕೋಟೇಶ್ವರದವ

ತಮ್ಮ, ಮೊದಲು ಊಟ ಮಾಡಿ ಮಲಗು. ಆಮೇಲೆ ಇದನ್ನು ಓದು.

ನಾನು ಹದಿನಾರು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಶುರು ಮಾಡಿದ್ದು ಮೆಜೆಸ್ಟಿಕ್ ಹತ್ತಿರದ ಉಡುಪಿ ಹೋಟೆಲಿನಲ್ಲಿ, ಕ್ಲೀನರ್ ಆಗಿ. ಆಮೇಲೆ ಸಪ್ಲೈಯರ್. ಈಗ ಒಂದು ಸ್ಟಾರ್ ಹೋಟೆಲಿನ ರೆಸ್ಟೋರೆಂಟ್‌ನಲ್ಲಿ ಕ್ಯಾಪ್ಟನ್. ನನ್ನ ಕೈಕೆಳಗೆ ಎಷ್ಟೋ ಹುಡುಗರು ಬಂದು ಹೋಗಿದ್ದಾರೆ. ತಪ್ಪು ಮಾಡಿ ಸುಮ್ಮನಿದ್ದವರನ್ನು ನೋಡಿದ್ದೇನೆ. ತುಂಬಿದ ಹಾಲ್‌ನಲ್ಲಿ ಎಲ್ಲರೆದುರು ಓಡಿಬಂದು ತಟ್ಟೆ ನಿಲ್ಲಿಸಿದವರು ಕಡಿಮೆ. ನೀನು ಕೂಗದೇ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಕೂಗಿದೆ. ನನಗೆ ಅಷ್ಟು ಸಾಕು, ನೀನು ಈ ಕೆಲಸಕ್ಕೆ ಆಗುತ್ತೀಯ.

ಇನ್ನು ನೆನಪಿನ ವಿಷಯ. ನಾವು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ನೆನಪನ್ನು ನಂಬುವುದೇ ಇಲ್ಲ. ಟೇಬಲ್ ಬಿಡುವ ಮುಂಚೆ ಆರ್ಡರ್ ಪೂರ್ತಿ ವಾಪಸ್ ಓದಿ ಹೇಳಬೇಕು. "ಅಮ್ಮನಿಗೆ ಟಿರಾಮಿಸು, ಎಗ್‌ಲೆಸ್" ಅಂತ ಬಾಯಿಬಿಟ್ಟು ಹೇಳು. ಬಾಯಿಯಿಂದ ಬಂದದ್ದು ಕೈಗೆ ಬರುತ್ತದೆ. ನಾಚಿಕೆ ಅನ್ನಿಸುತ್ತೆ, ಗೆಸ್ಟ್‌ಗೆ ಬೇಜಾರಾಗುತ್ತೆ ಅಂದುಕೊಂಡು ಬಿಡಬೇಡ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಪ್ಯಾಡ್‌ನಲ್ಲಿ ಬರೆಯುವಾಗ ಸೀಟ್ ನಂಬರ್ ಹಾಕು. ಬಾಗಿಲಿಗೆ ಹತ್ತಿರದ ಕುರ್ಚಿ 1, ಅಲ್ಲಿಂದ ಗಡಿಯಾರದ ಮುಳ್ಳು ತಿರುಗಿದ ಹಾಗೆ 2, 3, 4. ನಿಮ್ಮಲ್ಲಿ 1 ಎಲ್ಲಿಂದ ಶುರು ಅಂತ ಕ್ಯಾಪ್ಟನ್‌ನ ಕೇಳು, ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಆಮೇಲೆ ಬೇರೆ ಯಾರೇ ತಟ್ಟೆ ತಂದರೂ "ಇದು ಯಾರದು ಸರ್?" ಅಂತ ಕೇಳಬೇಕಾಗಿಲ್ಲ. ಫೈನ್ ಡೈನಿಂಗ್‌ನಲ್ಲಿ ಆ ಪ್ರಶ್ನೆ ಕೇಳಿಸಲೇಬಾರದು. ಮೊಟ್ಟೆ ಬೇಡ, ಕಡಲೆಕಾಯಿ ಆಗಲ್ಲ, ಜೈನ್ ಊಟ, ಇಂಥದ್ದೆಲ್ಲ ಪ್ಯಾಡ್‌ನ ತಲೆಯಲ್ಲಿ ಬರೆದು ಸುತ್ತ ಗೆರೆ ಎಳೆ. ಪಂಚ್ ಮಾಡಿದ ಮೇಲೂ ಪಾಸ್‌ಗೆ, ಅಂದರೆ ಕಿಚನ್‌ನವರು ತಟ್ಟೆ ಹೊರಗೆ ಕೊಡುವ ಕಟ್ಟೆಗೆ, ಹೋಗಿ ಬಾಯಲ್ಲಿ ಹೇಳು. "ಚೆಫ್, 14, ಸೀಟ್ 3, ಎಗ್‌ಲೆಸ್." ಅವರು "ಆಯ್ತು" ಅನ್ನುವ ತನಕ ಅಲ್ಲಿಂದ ಕದಲಬೇಡ.

ಕೊನೆಯದು. ಗೊತ್ತಿಲ್ಲದಿದ್ದಾಗ "ಇಲ್ಲ" ಅನ್ನಬೇಡ. "ಒಂದು ನಿಮಿಷ ಅಮ್ಮ, ಕೇಳಿ ಬರುತ್ತೇನೆ" ಅನ್ನು. ಅರ್ಧ ನಿಮಿಷದ ಕೆಲಸ ಅದು.

ಬಿಸಿ ತವಾ

ನಾನು ಒಳಗಿನವನು. ಕಾಂಟಿನೆಂಟಲ್ ಕಿಚನ್‌ನಲ್ಲಿ ಎಂಟು ವರ್ಷ.

ಕೋಟೇಶ್ವರದಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಬಾಯಲ್ಲಿ ಹೇಳಿ. ರಶ್ ಜೋರಾದಾಗ ನಮ್ಮ ಮುಂದೆ ಇಪ್ಪತ್ತು ಕೆಒಟಿ, ಅಂದರೆ ಆರ್ಡರ್ ಚೀಟಿ, ನೇತಾಡುತ್ತಿರುತ್ತವೆ. ಕೆಳಗಿನ ಸಾಲಿನಲ್ಲಿ ಸಣ್ಣಕ್ಷರದ ಒಂದು ಮಾತು ಕಣ್ಣಿಗೆ ಬೀಳದೆ ಹೋಗಬಹುದು.

ಇನ್ನೊಂದು ಹೇಳುತ್ತೇನೆ, ಬರೆದಿಟ್ಟುಕೋ. ಸಸ್ಯಾಹಾರಿ ಗೆಸ್ಟ್ ಕೇಳಿದಾಗ ತೊಂದರೆ ಬರುವುದು ಚಿಕನ್, ಮಟನ್‌ನಿಂದ ಅಲ್ಲ. ಕಣ್ಣಿಗೆ ಕಾಣದ್ದರಿಂದ. ಟಿರಾಮಿಸುವಿನ ಕ್ರೀಮಿನಲ್ಲಿ ಅಷ್ಟೇ ಅಲ್ಲ, ಒಳಗಿನ ಉದ್ದ ಬಿಸ್ಕತ್ತಿನಲ್ಲೂ ಮೊಟ್ಟೆ ಇದೆ. ಪನ್ನಾ ಕೋಟಾ ಅನ್ನುವ ಕ್ರೀಮಿನ ಸಿಹಿಯಲ್ಲಿ ಮೊಟ್ಟೆ ಇಲ್ಲ, ಆದರೆ ಅದು ಗಟ್ಟಿಯಾಗುವುದು ಸಾಮಾನ್ಯವಾಗಿ ಜೆಲಟಿನ್‌ನಿಂದ. ಅದು ಪ್ರಾಣಿಯದು. ಸೀಸರ್ ಸಲಾಡ್‌ನ ಡ್ರೆಸ್ಸಿಂಗ್‌ನಲ್ಲಿ ಆಂಚೊವಿ ಮೀನು. ಥಾಯ್ ಕರಿಯಲ್ಲಿ, ಟಾಮ್ ಯಮ್ ಸೂಪ್‌ನಲ್ಲಿ ಮೀನಿನ ಸಾಸ್. ತರಕಾರಿ ಸ್ಟರ್ ಫ್ರೈಗೆ ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್. ಹೊಸದಾಗಿ ಕೈಯಲ್ಲಿ ಮಾಡಿದ ಪಾಸ್ತಾದಲ್ಲಿ ಮೊಟ್ಟೆ. ಇಟಲಿಯ ಅಸಲಿ ಪಾರ್ಮೆಸಾನ್ ಚೀಸ್ ಮಾಡುವಾಗ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಇದು ಗೊತ್ತಾದ ಮೇಲೆ ಎಷ್ಟೋ ಜನ ಅದನ್ನು ಮುಟ್ಟುವುದಿಲ್ಲ. ಹೇಳಬೇಕಾದ್ದು ನಮ್ಮ ಕರ್ತವ್ಯ.

ಪ್ರತಿ ಕಿಚನ್‌ನಲ್ಲಿ ಇದಕ್ಕೆಲ್ಲ ಬೇರೆ ಬೇರೆ ವ್ಯವಸ್ಥೆ ಇರುತ್ತದೆ. ಕೆಲವರು ಜೆಲಟಿನ್ ಬದಲು ಕಡಲಪಾಚಿಯ ಅಗರ್ ಅಗರ್ ಹಾಕುತ್ತಾರೆ, ಕೆಲವರು ಸಸ್ಯಾಹಾರಿ ಚೀಸ್ ಇಟ್ಟಿರುತ್ತಾರೆ. ಅದಕ್ಕೇ ನಿಮ್ಮ ಕಿಚನ್‌ನವರನ್ನೇ ಕೇಳು. ಬೆಳಗ್ಗೆ ಬ್ರೀಫಿಂಗ್‌ಗೆ ಹತ್ತು ನಿಮಿಷ ಮೊದಲು ಒಳಗೆ ಬಂದು ಮೆನು ಹಿಡಿದುಕೊಂಡು ಒಂದೊಂದೇ ಐಟಂ ಕೇಳಿದರೆ ಯಾವ ಚೆಫ್ ಕೂಡ ಇಲ್ಲ ಅನ್ನುವುದಿಲ್ಲ. ನಾನಂತೂ ಖುಷಿಯಿಂದ ರುಚಿ ತೋರಿಸಿ ಹೇಳುತ್ತೇನೆ.

ಮೇನ್ ಕೋರ್ಸ್ ಫೈರ್, ಅಂದರೆ ಈಗ ಮಾಡಲು ಶುರು ಮಾಡಿ ಅಂತ, ಹೇಳುವ ಹೊತ್ತೂ ಮುಖ್ಯ. ಸ್ಟಾರ್ಟರ್ ತಟ್ಟೆ ಇನ್ನೂ ಅರ್ಧ ಇರುವಾಗಲೇ ಫೈರ್ ಅಂದರೆ ನಮ್ಮ ಮೀನು ತಟ್ಟೆ ಬಿಸಿ ಇಡುವ ದೀಪದ ಕೆಳಗೆ ಒಣಗುತ್ತದೆ. ಟೇಬಲ್ ನೋಡಿ ಹೇಳು. ನಮಗೆ ಗೋಡೆ ಆಚೆ ಕಾಣುವುದಿಲ್ಲ, ನಿನ್ನ ಕಣ್ಣೇ ನಮ್ಮ ಕಣ್ಣು.

ಜಯನಗರ ನಾಲ್ಕನೇ ಬ್ಲಾಕ್

ನಾನು ತಿನ್ನಲು ಹೋಗುವವನು ಅಷ್ಟೇ. ಆ ಅಜ್ಜಿಯ ಜಾಗದಲ್ಲಿ ನನ್ನ ತಾಯಿಯನ್ನು ಇಟ್ಟು ಯೋಚಿಸಿದೆ. ನಿಜ ಹೇಳಬೇಕೆಂದರೆ ನಾನೂ ಮೊದಲು ಬೈಯುತ್ತಿದ್ದೆ. ಆದರೆ ಮನೆಗೆ ಹೋಗುವಾಗ ಕಾರಿನಲ್ಲಿ ಅಮ್ಮ "ಪಾಪ, ಹುಡುಗ ಓಡಿ ಬಂದ" ಅನ್ನುತ್ತಿದ್ದರು. ಅದೂ ಖಂಡಿತ.

ಒಂದು ಪ್ರಶ್ನೆ. ನಾವು ಬಿಲ್‌ನಲ್ಲಿ ಶೇ. 10 ಸರ್ವಿಸ್ ಚಾರ್ಜ್ ಕೊಡುತ್ತಿದ್ದೆವು. ಅದು ನಿಮ್ಮ ಕೈಗೆ ಬರುತ್ತಿತ್ತಾ? ಈಗ ಕೊಡಬೇಕಾಗಿಲ್ಲ ಅನ್ನುತ್ತಾರೆ. ಹಾಗಾದರೆ ಟಿಪ್ ಹೇಗೆ ಕೊಟ್ಟರೆ ನಿಮಗೆ ನೇರವಾಗಿ ಸೇರುತ್ತದೆ?

ಕೋಟೇಶ್ವರದವ

ಸರ್, ಕೇಳಿದ್ದು ಒಳ್ಳೆಯದಾಯಿತು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ತಂದಿತು. ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ತಾನಾಗಿಯೇ ಸೇರಿಸುವಂತಿಲ್ಲ ಅಂತ. ರೆಸ್ಟೋರೆಂಟ್ ಸಂಘಗಳು ದೆಹಲಿ ಹೈಕೋರ್ಟ್‌ಗೆ ಹೋದವು. 2025ರ ಮಾರ್ಚ್ 28ರಂದು ಕೋರ್ಟ್ ಆ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಕೊಡುವುದು ಬಿಡುವುದು ಗ್ರಾಹಕರ ಇಷ್ಟ. ಜಿಎಸ್‌ಟಿ ಬೇರೆ, ಅದು ಸರ್ಕಾರಕ್ಕೆ ಹೋಗುತ್ತದೆ. ಎರಡನ್ನೂ ಒಂದೇ ಅಂದುಕೊಳ್ಳುವವರು ತುಂಬಾ ಜನ ಇದ್ದಾರೆ.

ನಾನು ಕೆಲಸ ಮಾಡಿದ ಒಂದು ಕಡೆ ಸರ್ವಿಸ್ ಚಾರ್ಜ್ ಪಾಯಿಂಟ್ ಲೆಕ್ಕದಲ್ಲಿ ಹಂಚುತ್ತಿದ್ದರು. ಕ್ಯಾಪ್ಟನ್‌ಗೆ ಇಷ್ಟು, ಸ್ಟುವರ್ಡ್‌ಗೆ ಇಷ್ಟು, ಪಾತ್ರೆ ತೊಳೆಯುವವರಿಗೆ ಇಷ್ಟು. ಅದು ಬಹಳ ನ್ಯಾಯವಾದ ಪದ್ಧತಿ, ಯಾಕೆಂದರೆ ಒಳಗೆ ದುಡಿಯುವವರ ಮುಖ ಗೆಸ್ಟ್‌ಗೆ ಕಾಣುವುದೇ ಇಲ್ಲ. ಇನ್ನೊಂದು ಕಡೆ ಪೂರ್ತಿ ಮಾಲೀಕರೇ ಇಟ್ಟುಕೊಳ್ಳುತ್ತಿದ್ದರು. ಹೊರಗಿನವರಿಗೆ ಯಾವುದು ಹೇಗೆ ಅಂತ ತಿಳಿಯುವ ದಾರಿ ಇಲ್ಲ. ನೀವು ಬಿಲ್ ಫೋಲ್ಡರ್‌ನಲ್ಲಿ ನಗದು ಇಟ್ಟರೆ ಸಾಮಾನ್ಯವಾಗಿ ಅದು ಟಿಪ್ ಡಬ್ಬಿಗೆ ಹೋಗಿ ತಿಂಗಳ ಕೊನೆಗೋ ವಾರದ ಕೊನೆಗೋ ಹಂಚಿಕೆ ಆಗುತ್ತದೆ. ಕಾರ್ಡ್‌ನಲ್ಲಿ ಕೊಟ್ಟರೆ ಸಿಬ್ಬಂದಿಗೆ ಹೇಗೆ ಹಂಚುತ್ತೀರಿ ಅಂತ ಮ್ಯಾನೇಜರ್‌ನ ಕೇಳಿ. ನೀವು ಕೇಳಿದರೆ ಅವರು ಉತ್ತರ ಕೊಡಲೇಬೇಕಾಗುತ್ತದೆ. ನಾವು ಕೇಳಿದರೆ ಬೇರೆ ಕಥೆ.

ಕೊಪ್ಪದ ತಮ್ಮ, ಆ 575 ರೂಪಾಯಿ ವಿಷಯ. ಸಂಬಳದಲ್ಲಿ ನಷ್ಟದ ಬಾಬ್ತು ಹಿಡಿಯಬೇಕಾದರೆ ಕಾನೂನಿನಲ್ಲಿ ನಿಯಮ ಇದೆ. ಮೊದಲು ನಿನ್ನ ಕಾರಣ ಕೇಳಬೇಕು. ಬಾಯಿಮಾತಲ್ಲಿ ಕಟ್ ಅಂದರೆ ಆಗಲ್ಲ. ಜಗಳಕ್ಕೆ ಹೋಗಬೇಡ. "ಸರ್, ಇದನ್ನು ಬರೆದು ಕೊಡುತ್ತೀರಾ?" ಅಂತ ಮರ್ಯಾದೆಯಿಂದ ಒಂದು ಮಾತು ಕೇಳು.

ರೇಷ್ಮೆ ದಾರ

ತಮ್ಮಾ, ನಾನು ರಾಮನಗರದವಳು. ಐದು ವರ್ಷ ಸ್ಟುವರ್ಡ್ ಆಗಿದ್ದೆ, ಈಗ ಹೋಸ್ಟೆಸ್ ಡೆಸ್ಕ್‌ನಲ್ಲಿ ಇದ್ದೇನೆ. ನಿನ್ನ ಪೋಸ್ಟ್ ಓದಿ ನನ್ನ ಮೊದಲ ತಿಂಗಳು ನೆನಪಾಯಿತು. ತಣ್ಣನೆಯ ಸ್ಟೋರ್ ರೂಮ್‌ನಲ್ಲಿ ನಿಂತು ಅತ್ತು, ಮುಖ ತೊಳೆದು ಮತ್ತೆ ಹಾಲ್‌ಗೆ ಬರುತ್ತಿದ್ದೆ. ಅಳುವುದು ತಪ್ಪಲ್ಲ.

ಯಾರೂ ಹೇಳದ ವಿಷಯ ಹೇಳುತ್ತೇನೆ. ಕಾಲು ನೋಡಿಕೋ. ಮೊದಲ ತಿಂಗಳು ಅರ್ಧ ತಪ್ಪು ಆಗುವುದು ಕಾಲು ನೋವಿನಿಂದ. ನೋವಿದ್ದಾಗ ಮನಸ್ಸು ಅಲ್ಲೇ ಇರುತ್ತದೆ, ಗೆಸ್ಟ್ ಹೇಳಿದ್ದು ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ. ಕೊಟ್ಟ ಶೂ ಬಿಗಿ ಇದ್ದರೆ ನಿನ್ನ ದುಡ್ಡಲ್ಲೇ ಆದರೂ ಜಾರದ ಅಡಿಭಾಗದ ಶೂ ತಗೋ. ಹತ್ತಿ ಕಾಲುಚೀಲ ಎರಡು ಜೊತೆ ಇಟ್ಟುಕೊಂಡು ಮಧ್ಯಾಹ್ನದ ಶಿಫ್ಟ್ ಮುಗಿದ ಮೇಲೆ ಬದಲಿಸು. ರೂಮಿಗೆ ಹೋದ ಮೇಲೆ ಹತ್ತು ನಿಮಿಷ ಗೋಡೆಗೆ ಕಾಲು ಎತ್ತಿ ಮಲಗು.

ಬ್ರೇಕ್ ಶಿಫ್ಟ್ ಇದೆಯಾ ನಿಮ್ಮಲ್ಲಿ? ಬೆಳಗ್ಗೆ 11ರಿಂದ 3:30, ಮತ್ತೆ ಸಂಜೆ 6:30ರಿಂದ ರಾತ್ರಿ 12? ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಅದರ ಮೇಲೆ ಮಾಡಿಸಿಕೊಂಡರೆ ಓಟಿಗೆ ಎರಡರಷ್ಟು ಕೂಲಿ. ವಾರಕ್ಕೊಂದು ರಜೆ. ಇದು ನಮ್ಮ ಹುಡುಗ ಹುಡುಗಿಯರಿಗೆ ಯಾರೂ ಹೇಳಿಕೊಡುವುದಿಲ್ಲ. ಗಂಟೆ ಲೆಕ್ಕ ಒಂದು ಸಣ್ಣ ಡೈರಿಯಲ್ಲಿ ಬರೆದಿಡು. ನಾನು ಬರೆಯುತ್ತಿದ್ದೆ. ಒಂದು ಸಲ ಹಳೆ ಬಾಕಿ ಕೇಳಬೇಕಾದಾಗ ಅದೇ ಕೈ ಹಿಡಿಯಿತು. ಇಲ್ಲಿ ಓದುತ್ತಿರುವ ಹೆಣ್ಣುಮಕ್ಕಳಿಗೂ ಹೇಳುತ್ತೇನೆ, ರಾತ್ರಿ ಕೆಲಸ ಮಾಡಿಸಿಕೊಂಡರೆ ಮನೆ ತನಕ ವಾಹನ ಕೊಡಬೇಕು. ಅದು ಉಪಕಾರ ಅಲ್ಲ, ಷರತ್ತು.

ಇನ್ನೊಂದು. ನನಗೆ ಇಂಗ್ಲಿಷ್ ಬಗ್ಗೆ ಬಹಳ ಹೆದರಿಕೆ ಇತ್ತು. ಮೆನುವಿನ ಫ್ರೆಂಚ್ ಹೆಸರುಗಳನ್ನು ರಾತ್ರಿ ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತಿದ್ದೆ. ಆದರೆ ಒಂದು ದಿನ ಒಬ್ಬ ವಯಸ್ಸಾದ ದಂಪತಿ ಬಂದರು. ಮಗಳು ಮದುವೆ ವಾರ್ಷಿಕೋತ್ಸವಕ್ಕೆ ಅಂತ ಟೇಬಲ್ ಬುಕ್ ಮಾಡಿ ಕಳಿಸಿದ್ದಳು. ಇಬ್ಬರೂ ಮೆನು ಹಿಡಿದು ಸುಮ್ನೆ ಕೂತಿದ್ದರು. ಪುಟ ತಿರುಗಿಸುತ್ತಲೇ ಇರಲಿಲ್ಲ. ನಾನು ಹೋಗಿ ಕನ್ನಡದಲ್ಲೇ, "ಅಪ್ಪಾಜಿ, ಖಾರ ಇಷ್ಟಾನಾ, ಸಪ್ಪೆ ಇಷ್ಟಾನಾ?" ಅಂತ ಕೇಳಿದೆ. ಅವರ ಭುಜ ಕೆಳಗಿಳಿದದ್ದು ಕಾಣಿಸಿತು. ಆಮೇಲೆ ಎರಡು ಗಂಟೆ ಕೂತು ಊಟ ಮಾಡಿದರು, ನಮ್ಮೂರಿನ ರೇಷ್ಮೆ ಮಾರುಕಟ್ಟೆ ಬಗ್ಗೆ ಕೇಳಿದರು. ನಿನಗೆ ಮಲೆನಾಡಿನ ಮಾತು ಇದೆ. ಅದನ್ನು ಬಚ್ಚಿಡಬೇಡ. ಬೆಂಗಳೂರಿನ ದೊಡ್ಡ ರೆಸ್ಟೋರೆಂಟ್‌ಗಳಲ್ಲಿ ಕನ್ನಡದಲ್ಲಿ ವಿಚಾರಿಸುವವರು ಸಿಗುವುದೇ ಕಡಿಮೆ.

ದುಬೈ ಬೈಂದೂರು

ರೇಷ್ಮೆ ದಾರ ಅಕ್ಕ ಹೇಳಿದ್ದು ಓದಿ ಕಣ್ಣು ತುಂಬಿತು.

ಕೊಪ್ಪದ ಮಾರಾಯ, ನಾನೂ ನಿನ್ನ ಹಾಗೇ ಬಂದವನು. ಮುಂಬೈಯಲ್ಲಿ ಮಾವನ ಹೋಟೆಲ್, ಆಮೇಲೆ ಗೋವಾ, ಈಗ ದುಬೈಯಲ್ಲಿ ಹತ್ತು ವರ್ಷ. ಬೇರೆ ಏನೂ ಹೇಳುವುದಿಲ್ಲ, ವೈನ್ ಕಲಿ. ಕುಡಿಯಬೇಕಾಗಿಲ್ಲ, ಕಲಿ. ನಾನು ಟಿಪ್ ದುಡ್ಡು ಕೂಡಿಟ್ಟು ವೈನ್ ಬಗ್ಗೆ ಕಲಿಸುವ ಡಬ್ಲ್ಯುಎಸ್‌ಇಟಿ ಸಂಸ್ಥೆಯ ಎರಡನೇ ಹಂತದ ಪರೀಕ್ಷೆ ಬರೆದೆ. ಅಲ್ಲಿಂದ ಸಂಬಳದ ದಾರಿಯೇ ಬದಲಾಯಿತು.

ಸದ್ಯಕ್ಕೆ ಇಷ್ಟು ಸಾಕು. ಬಾಟಲಿ 750 ಎಂಎಲ್, 150ರಂತೆ ಸುರಿದರೆ ಐದು ಗ್ಲಾಸ್. ಆರು ಜನರ ಟೇಬಲ್‌ಗೆ ಒಂದು ಬಾಟಲಿ ಆರ್ಡರ್ ಆದರೆ ಕೈ ಸ್ವಲ್ಪ ಹಿಡಿದು ಸುರಿ, ಇಲ್ಲದಿದ್ದರೆ ಆರನೆಯವರ ಗ್ಲಾಸ್ ಹತ್ತಿರ ಬಂದಾಗ ಬಾಟಲಿ ಖಾಲಿ. ಅದು ಆತಿಥ್ಯ ಕೊಡುತ್ತಿರುವವರಿಗೆ ಬಹಳ ಮುಜುಗರ. ಲೇಬಲ್ ತೋರಿಸುವುದು ಆರ್ಡರ್ ಮಾಡಿದವರಿಗೆ. ಮೊದಲು ಅವರಿಗೆ ಒಂದು ಗುಟುಕು ಸುರಿದು ಕಾಯಬೇಕು. ಅವರು ಸರಿ ಅಂದ ಮೇಲೆ ಹೆಂಗಸರಿಗೆ, ಆಮೇಲೆ ಉಳಿದವರಿಗೆ, ಕೊನೆಗೆ ಮತ್ತೆ ಅವರಿಗೆ.

ಆ ಒಂದು ಗುಟುಕು ಕೊಡುವಾಗ ಅವರ ಮುಖ ನೋಡು. ಎಷ್ಟೋ ಜನರಿಗೆ ಏನು ಮಾಡಬೇಕು ಅಂತ ಗೊತ್ತಿರುವುದಿಲ್ಲ. ಆಗ ಮೆತ್ತಗೆ "ತಂಪು ಸಾಕಾ ಸರ್?" ಅಂತ ಕೇಳು. ಅವರು ಹೂಂ ಅನ್ನಬಹುದು, ಅಷ್ಟೇ ಸಾಕು. ಯಾರ ಮುಂದೆಯೂ ಅವರ ಮರ್ಯಾದೆ ಹೋಗಲಿಲ್ಲ.

ಕೊಪ್ಪದ ಹುಡುಗ

ಅಣ್ಣಂದಿರೇ, ಅಕ್ಕ, ಎಲ್ಲವನ್ನೂ ಎರಡೆರಡು ಸಲ ಓದಿದೆ. ಕೆಲಸ ಬಿಡಲಿಲ್ಲ. ಭಾನುವಾರ ಹೋದೆ, ಇಡೀ ವಾರ ಹೋದೆ.

ಬುಧವಾರ ಬ್ರೀಫಿಂಗ್‌ಗೆ ಮೊದಲು ಮೆನು ಹಿಡಿದು ಕಿಚನ್ ಒಳಗೆ ಹೋದೆ. ನಮ್ಮ ಚೆಫ್ ಮೊದಲು ಏನಪ್ಪಾ ಇವನು ಅನ್ನುವ ಹಾಗೆ ನೋಡಿದರು. ಆಮೇಲೆ ಸ್ಟೂಲ್ ಎಳೆದು ಕೂರಿಸಿದರು. 41 ಐಟಂಗಳಲ್ಲಿ ಮೊಟ್ಟೆ ಎಲ್ಲಿ, ಮೀನಿನ ಸಾಸ್ ಎಲ್ಲಿ, ಜೆಲಟಿನ್ ಎಲ್ಲಿ ಅಂತ ನನ್ನ ಪ್ಯಾಡ್‌ನ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ನಮ್ಮ ಮಶ್ರೂಮ್ ರಿಸೊಟ್ಟೊದಲ್ಲಿ ಪಾರ್ಮೆಸಾನ್ ಇದೆ. ಅದನ್ನು ನಾನು ಮೂರು ವಾರದಿಂದ ಸಸ್ಯಾಹಾರಿ ಗೆಸ್ಟ್‌ಗಳಿಗೆ ಧೈರ್ಯವಾಗಿ ಹೇಳಿ ಕೊಡುತ್ತಿದ್ದೆ. ಈಗ ಮೊದಲೇ ತಿಳಿಸುತ್ತೇನೆ. ಚೀಸ್ ಇಲ್ಲದೆ ಮಾಡಿಕೊಡಲು ಚೆಫ್ ಒಪ್ಪಿದ್ದಾರೆ.

575 ರೂಪಾಯಿ ಬಗ್ಗೆ ಬರೆದು ಕೊಡಿ ಅಂತ ಕೇಳಿದೆ. ನೋಡೋಣ ಅಂದಿದ್ದಾರೆ. ಇನ್ನೂ ಹಿಡಿದಿಲ್ಲ, ವಾಪಸ್ ಅಂತಲೂ ಹೇಳಿಲ್ಲ.

ನಿನ್ನೆ ಶನಿವಾರ ಮತ್ತೆ 150 ದಾಟಿತು. ಟೇಬಲ್ ಬಿಡುವ ಮುಂಚೆ ಪ್ರತಿ ಆರ್ಡರ್ ವಾಪಸ್ ಓದಿ ಹೇಳಿದೆ. ಒಂದು ಟೇಬಲ್‌ನಲ್ಲಿ ಹಾಗೆ ಓದುವಾಗಲೇ ಒಬ್ಬರು "ಅಯ್ಯೋ, ನನಗೆ ಗೋಡಂಬಿ ಆಗಲ್ಲ, ಹೇಳುವುದು ಮರೆತಿದ್ದೆ" ಅಂದರು. ಪ್ಯಾಡ್‌ನ ತಲೆಯಲ್ಲಿ ಬರೆದು ಗೆರೆ ಎಳೆದೆ, ಪಾಸ್‌ಗೆ ಹೋಗಿ ಹೇಳಿ, ಚೆಫ್ "ಆಯ್ತು" ಅನ್ನುವ ತನಕ ನಿಂತೆ.

ತಟ್ಟೆ ಹಿಡಿಯುವುದು ಇನ್ನೂ ಸರಿಯಾಗಿ ಬರುತ್ತಿಲ್ಲ. ಎರಡು ಹಿಡಿಯುತ್ತೇನೆ, ಮೂರನೆಯದು ತಗೊಂಡರೆ ಎಡಗೈ ನಡುಗುತ್ತದೆ. ಸೂಪ್ ಇದ್ದರಂತೂ ಕಥೆ ಮುಗಿಯಿತು. ಇದನ್ನು ಹೇಗೆ ಕಲಿಯುವುದು ಕೋಟೇಶ್ವರದಣ್ಣ?

ಕೋಟೇಶ್ವರದವ

ಬಿಡುವಿದ್ದಾಗ ಗಾಂಧಿ ಬಜಾರ್‌ನ ವಿದ್ಯಾರ್ಥಿ ಭವನಕ್ಕೆ ಹೋಗು. 1943ರಿಂದ ಇರುವ ಜಾಗ. ದೋಸೆ ತಿನ್ನುತ್ತಾ ಅಲ್ಲಿಯ ಸಪ್ಲೈಯರ್‌ಗಳ ಕೈ ನೋಡು. ಬಿಳಿ ಪಂಚೆ ಉಟ್ಟುಕೊಂಡು, ಮುಂಗೈಯಿಂದ ಮೊಣಕೈ ತನಕ ದೋಸೆ ತಟ್ಟೆ ಒಂದರ ಮೇಲೊಂದು ಪೇರಿಸಿಕೊಂಡು ಕುರ್ಚಿಗಳ ಸಂದಿಯಲ್ಲಿ ನಡೆಯುತ್ತಾರೆ. ಅವರ ಭುಜ ನೋಡು, ಬಿಗಿ ಇರುವುದಿಲ್ಲ. ನಿನ್ನ ಕೈ ನಡುಗುತ್ತಿರುವುದು ಭುಜ ಬಿಗಿ ಹಿಡಿದಿರುವುದರಿಂದ.

ಮೊದಲ ತಟ್ಟೆ ಎಡಗೈಯ ಹೆಬ್ಬೆರಳಿಗೂ ತೋರುಬೆರಳು ಮಧ್ಯದ ಬೆರಳಿಗೂ ನಡುವೆ. ಎರಡನೆಯದು ಅದರ ಕೆಳಗೆ, ಉಂಗುರ ಬೆರಳು ಕಿರುಬೆರಳಿನ ಮೇಲೆ, ಹಿಂದೆ ಅಂಗೈ ಬುಡಕ್ಕೆ ಆನಿಸಿ. ಮೂರನೆಯದು ಬಲಗೈಯಲ್ಲಿ, ಟೇಬಲ್‌ನಲ್ಲಿ ಮೊದಲು ಇಡುವುದು ಅದನ್ನೇ. ಮೊಣಕೈ ಮೈಗೆ ತಾಗಿರಲಿ. ರೂಮಿನಲ್ಲಿ ಸ್ಟೀಲ್ ತಟ್ಟೆಗೆ ಎರಡು ಲೋಟ ನೀರು ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿ. ಎರಡು ವಾರ ಸಾಕು.

ಸೂಪ್ ಕೈಯಲ್ಲಿ ಬೇಡವೇ ಬೇಡ. ಟ್ರೇಯಲ್ಲಿ ಒಯ್ದು ಸೈಡ್ ಸ್ಟೇಷನ್, ಅಂದರೆ ಪಕ್ಕದ ಸಣ್ಣ ಮೇಜಿನ ಮೇಲಿಟ್ಟು, ಒಂದೊಂದೇ ಇಡು. ನಾನು ಇವತ್ತಿಗೂ ಹಾಗೇ ಮಾಡುವುದು.